ಯಲಹಂಕ ನಾಡಪ್ರಭುಗಳ ವಂಶ

ಯಲಹಂಕ ನಾಡಪ್ರಭುಗಳು 15ನೆಯ ಶತಮಾನದ ಮೊದಲ ಭಾಗದಿಂದ 1728ರವರೆಗೆ ಈಗಿನ ಬೆಂಗಳೂರು, ಮಾಗಡಿ ಹಾಗೂ ಕುಣಿಗಲ್ ಸೀಮೆಯ ಕೆಲವು ಭಾಗಗಳನ್ನು ಆಳಿದ ಮೊರಸು ಒಕ್ಕಲಿಗ ಮನೆತನದವರು. ಮೊದಲು ವಿಜಯನಗರದ ಸಾಮಂತರಾಗಿದ್ದ ಇವರು ಆ ಸಾಮ್ರಾಜ್ಯ ಕುಸಿದ ಮೇಲೆ ಸ್ವತಂತ್ರ ಪಾಳೆಯಗಾರರಾಗಿ ಉಳಿದರು. 1638ರವರೆಗೆ ಯಲಹಂಕ ಮತ್ತು ಬೆಂಗಳೂರು ಇವರ ನೆಲೆ. ಅಲ್ಲಿಂದ ಮುಂದೆ ಮಾಗಡಿ ಮತ್ತು ಸಾವನದುರ್ಗ. ಬೆಂಗಳೂರು ಪೇಟೆಯನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡ ಈ ವಂಶದ ಅತ್ಯಂತ ಪ್ರಸಿದ್ಧ ಪ್ರಭು. ಅವನ ನಂತರದವರಲ್ಲಿ ಹಲವರು ಅದೇ ಹೆಸರಿಟ್ಟುಕೊಂಡು ಆಳಿದ್ದರಿಂದ ‘ಕೆಂಪೇಗೌಡ’ ಎಂಬುದು ವ್ಯಕ್ತಿಯ ಹೆಸರಾಗಿದ್ದದ್ದು ಮನೆತನದ ಬಿರುದಿನಂತಾಯಿತು. ಈ ವಂಶದ ಚರಿತ್ರೆಯಲ್ಲಿರುವ ಗೊಂದಲಗಳಲ್ಲಿ ಅರ್ಧಕ್ಕರ್ಧ ಹುಟ್ಟಿರುವುದು ಇಲ್ಲಿಂದಲೇ.

ಪಾರಿಭಾಷಿಕ ಪದಗಳು

‘ನಾಡು’ ಎಂದರೆ ಹಲವು ಊರುಗಳು ಸೇರಿದ ಆಡಳಿತ ಘಟಕ. ಅದರ ಕಂದಾಯ, ಕಾವಲು, ನ್ಯಾಯ ತೀರ್ಮಾನಗಳ ಹೊಣೆ ಹೊತ್ತ ವಂಶಪಾರಂಪರ್ಯ ಒಡೆಯ ‘ನಾಡಪ್ರಭು’. ‘ಪಾಳೆಯಗಾರ’ ಎಂಬ ಮಾತು ಸ್ವಂತ ದಂಡು ಮತ್ತು ಕೋಟೆ ಇಟ್ಟುಕೊಂಡ ಸ್ಥಳೀಯ ಒಡೆಯನಿಗೆ ಸಲ್ಲುತ್ತದೆ. ಈ ಮನೆತನದವರಿಗೆ ಎರಡೂ ಹೆಸರು ಬಳಕೆಯಲ್ಲಿವೆ. ಅವರು ತಮ್ಮನ್ನು ಕರೆದುಕೊಂಡದ್ದು ನಾಡಪ್ರಭುಗಳೆಂದೇ. ಈ ಲೇಖನದಲ್ಲಿ ‘ಹಿರಿಯ ಕೆಂಪೇಗೌಡ’ ಎಂದರೆ ಬೆಂಗಳೂರು ಕಟ್ಟಿಸಿದವನು, ‘ಇಮ್ಮಡಿ ಕೆಂಪೇಗೌಡ’ ಎಂದರೆ ಅವನ ನಂತರ ಆ ಹೆಸರು ಹೊತ್ತವನು, ‘ಮುಮ್ಮಡಿ ಕೆಂಪವೀರಗೌಡ’ ಎಂದರೆ ಮಾಗಡಿಯ ಕೊನೆಯ ಪ್ರಭು.

ಮೂಲ

ಈ ಸೀಮೆಯ ಪ್ರಭುಮನೆತನಗಳೆಲ್ಲ ತಮ್ಮ ಮೂಲವನ್ನು ಆವತಿಗೆ ಒಯ್ಯುತ್ತವೆ. ದೇವನಹಳ್ಳಿಗೆ ಹತ್ತಿರದ ಈ ಊರನ್ನು ಕಟ್ಟಿದವರು ಕಂಚಿಯ ಕಡೆಯಿಂದ ಬಂದ ರಣಭೈರೇಗೌಡ ಮತ್ತು ಅವನ ಬಂಧುಗಳು ಎಂದು ಮನೆತನದ ಕಥನ ಹೇಳುತ್ತದೆ. ಕಂಚಿಯ ಕಡೆಯ ಬಲಿಷ್ಠನಾದ ಅನ್ಯಕುಲದ ಒಡೆಯನೊಬ್ಬ ಇವರ ಮನೆಯ ಹುಡುಗಿ ದೊಡ್ಡಮ್ಮನನ್ನು ಮದುವೆಗೆ ಕೇಳಿದ; ಕೊಡಲು ಒಪ್ಪದ ಕುಟುಂಬ ರಾತ್ರೋರಾತ್ರಿ ಊರು ಬಿಟ್ಟಿತು; ದಾರಿಯಲ್ಲಿ ತುಂಬಿ ಹರಿಯುತ್ತಿದ್ದ ಪಾಲಾರ್ ನದಿ ಗಂಗಮ್ಮನ ಪ್ರಾರ್ಥನೆಯಿಂದ ದಾರಿ ಬಿಟ್ಟಿತು; ಬಂಡಿಗಳು ನಂದಿಯ ಹತ್ತಿರದ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬಂದು ನಿಂತವು. ಏಳು ಮಂದಿ ಅಣ್ಣತಮ್ಮಂದಿರು ಅಲ್ಲಿಂದ ಚದುರಿ ಒಬ್ಬೊಬ್ಬರು ಒಂದೊಂದು ಸೀಮೆ ಹಿಡಿದರು ಎಂಬುದು ಕಥೆಯ ಕೊನೆ.

ಇದು ಹೀಗೆಯೇ ನಡೆಯಿತೆಂದು ತೋರಿಸುವ ಸಮಕಾಲೀನ ಬರಹ ಇಲ್ಲ. ಕಿರುಕುಳಕ್ಕೆ ಹೆದರಿ ಹೆಣ್ಣುಮಗಳೊಂದಿಗೆ ರಾತ್ರಿ ಹೊರಟು ಹೊಳೆ ದಾಟಿದ ಕಥೆಯನ್ನು ದಕ್ಷಿಣದ ಹಲವು ಕುಲಗಳು ತಮ್ಮ ವಲಸೆಯ ಬಗ್ಗೆ ಹೇಳಿಕೊಳ್ಳುತ್ತವೆ. ಆದರೆ ಮೊರಸುನಾಡು ಎಂಬ ಪ್ರದೇಶ, ಅದರ ಪೂರ್ವದ ಅಂಚಿನಲ್ಲಿ ತಮಿಳು ಮತ್ತು ತೆಲುಗು ಸೀಮೆಗಳೊಂದಿಗೆ ಇದ್ದ ಒಡನಾಟ, ಭೈರವನ ಆರಾಧನೆ ಇವು ಕಥೆಯೊಳಗಿನ ಗಟ್ಟಿ ಅಂಶಗಳು. ಆವತಿ ಮೂಲದ ಪ್ರಭುಗಳ ಶಾಸನಗಳಲ್ಲಿ ‘ಚತುರ್ಥ ಗೋತ್ರ’ದವರು ಎಂಬ ಉಲ್ಲೇಖ ಬರುತ್ತದೆ. ಅಧಿಕಾರ ಕೈಗೆ ಬಂದೊಡನೆ ಸೂರ್ಯವಂಶಕ್ಕೋ ಚಂದ್ರವಂಶಕ್ಕೋ ಗಂಟು ಹಾಕಿಕೊಳ್ಳುವುದು ರಾಜಮನೆತನಗಳ ವಾಡಿಕೆಯಾಗಿದ್ದ ಕಾಲದಲ್ಲಿ ಇವರು ಒಕ್ಕಲುತನದ ಕುಲವನ್ನೇ ಕಲ್ಲಿನ ಮೇಲೆ ಬರೆಸಿಕೊಂಡದ್ದು ಗಮನಾರ್ಹ.

ಯಲಹಂಕ ನಾಡು ಈ ವಂಶಕ್ಕಿಂತ ಹಳೆಯದು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಅದು ‘ಇಲೈಪಾಕ್ಕ ನಾಡು’. ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಶಾಸನಗಳಲ್ಲಿ ಆ ಹೆಸರು ಸಿಗುತ್ತದೆ. ಈಗಿನ ಗರುಡಾಚಾರ್‌ಪಾಳ್ಯದಿಂದ ಪೂರ್ವಕ್ಕಿರುವ ಕಾಡುಗೋಡಿಯಲ್ಲಿ 1043ರ ಒಂದು ಚೋಳ ಶಾಸನವಿದೆ. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಪಟ್ಟಂದೂರಿನ ಕೆರೆ ಕಟ್ಟಿಸಿ ತೂಬು ಇಡಿಸಿದ ಸಂಗತಿ ಅದರಲ್ಲಿದೆ. ಆದುದರಿಂದ ನಾಡಪ್ರಭುಗಳು ಬರಿ ಕಾಡಿಗೆ ಬಂದು ನೆಲೆಸಿದರೆಂಬ ಜನಪ್ರಿಯ ಚಿತ್ರ ಸರಿಯಲ್ಲ. ಗಾವುಂಡರು, ಕೆರೆಗಳು, ದೇವಸ್ಥಾನಗಳು ಮೂರೂವರೆ ಶತಮಾನಕ್ಕೂ ಮೊದಲೇ ಇಲ್ಲಿದ್ದವು.

ವಂಶಾವಳಿಯ ಆಕರಗಳು

ಆಕರಗಳು ಮೂರು ಬಗೆಯವು. ದತ್ತಿ ಮತ್ತು ಕಟ್ಟಡಗಳ ಶಾಸನಗಳು ಮೊದಲನೆಯವು. ಇವುಗಳಲ್ಲಿ ಬಹುಪಾಲು ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 1905ರ ಬೆಂಗಳೂರು ಜಿಲ್ಲಾ ಸಂಪುಟದಲ್ಲಿ ಅಚ್ಚಾಗಿವೆ. ಎರಡನೆಯದು ಊರೂರಿನ ಶಾನುಭೋಗರು, ಮನೆತನದವರು ಹೇಳಿ ಬರೆಸಿದ ಕೈಫಿಯತ್ತುಗಳು. 1799ರ ನಂತರ ಮೈಸೂರು ಸೀಮೆಯ ಮೋಜಣಿ ನಡೆಸಿದ ಕಾಲಿನ್ ಮೆಕೆಂಜಿ ಇಂಥ ಕೈಫಿಯತ್ತುಗಳನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದ. ಮೂರನೆಯದು ಮೈಸೂರು ಗೆಜೆಟಿಯರುಗಳು; ಅವು ಮೊದಲೆರಡನ್ನು ಹೆಣೆದು ಅನುಕ್ರಮ ಪಟ್ಟಿ ಮಾಡಿದವು. ಈಗ ಎಲ್ಲೆಡೆ ಓದಸಿಗುವ ಆಳ್ವಿಕೆಯ ವರ್ಷಗಳು ಹೆಚ್ಚಾಗಿ ಗೆಜೆಟಿಯರಿನವು.

ಇವುಗಳಲ್ಲಿ ಶಾಸನ ದೃಢವಾದುದು, ಆದರೆ ವಿರಳ. ದತ್ತಿ ಕೊಟ್ಟವನ ಹೆಸರು, ತಂದೆಯ ಹೆಸರು, ಸಂವತ್ಸರ, ತಿಥಿ ಅದರಲ್ಲಿ ಇರುತ್ತವೆ. ಅವನು ಎಂದು ಪಟ್ಟಕ್ಕೆ ಬಂದ, ಎಂದು ತೀರಿಕೊಂಡ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯೂ ಸೇರಿಕೊಂಡು, ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದೂ ಒಬ್ಬನನ್ನು ಇಬ್ಬರೆಂದೂ ಎಣಿಸಿರುವ ಪಟ್ಟಿಗಳಿವೆ.

ಆರಂಭದ ಪ್ರಭುಗಳು

ರಣಭೈರೇಗೌಡನ ನಂತರದವನಾದ ಜಯಗೌಡ ಆವತಿಯಿಂದ ಬೇರ್ಪಟ್ಟು ಯಲಹಂಕದಲ್ಲಿ ನೆಲೆ ನಿಂತು, ವಿಜಯನಗರದ ಅರಸರಿಂದ ಯಲಹಂಕ ನಾಡಪ್ರಭು ಎಂಬ ಪದವಿ ಪಡೆದ. ಗೆಜೆಟಿಯರಿನ ಅನುಕ್ರಮದಲ್ಲಿ ಅವನ ಆಳ್ವಿಕೆ 1418ರಿಂದ 1433. ನಂತರ ಗಿಡ್ಡೇಗೌಡ 1443ರವರೆಗೆ. ಅವನ ಮಗ ಕೆಂಪನಂಜೇಗೌಡ 1513ರವರೆಗೆ. ಮೂವರೂ ಯಲಹಂಕದ ಸುತ್ತಲೇ ಉಳಿದವರು.

ಕೆಂಪನಂಜೇಗೌಡನಿಗೆ ಎಪ್ಪತ್ತು ವರ್ಷಗಳ ಆಳ್ವಿಕೆ ಹೇಳಿರುವುದರಿಂದ ನಡುವೆ ಒಂದು ತಲೆಮಾರು ಬಿಟ್ಟುಹೋಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಇನ್ನೊಂದು ತೊಡಕೂ ಇಲ್ಲಿದೆ. ಹಿರಿಯ ಕೆಂಪೇಗೌಡ ಹುಟ್ಟಿದ್ದು 1510ರ ಜೂನ್ 27ರಂದು ಎಂದು ಈಗ ಸರ್ಕಾರಿ ಜಯಂತಿ ನಡೆಯುತ್ತದೆ. ಅವನ ಆಳ್ವಿಕೆ 1513ರಲ್ಲಿ ಆರಂಭವಾಯಿತೆಂದು ಹಳೆಯ ಪಟ್ಟಿಗಳು ಹೇಳುತ್ತವೆ. ಎರಡನ್ನೂ ಒಪ್ಪಿದರೆ ಮೂರು ವರ್ಷದ ಮಗು ಪಟ್ಟಕ್ಕೆ ಬಂದಿರಬೇಕು. ಅವನು ಹೆಸರಘಟ್ಟದ ಕಡೆಯ ಐಗೊಂಡಪುರದ ಗುರುಕುಲದಲ್ಲಿ ಒಂಬತ್ತು ವರ್ಷ ಓದಿ ಆಮೇಲೆ ಅಧಿಕಾರ ವಹಿಸಿದ ಎಂಬ ಸಂಪ್ರದಾಯವನ್ನು ನೆಚ್ಚುವುದಾದರೆ 1513 ಎಂಬ ವರ್ಷವನ್ನು ಕೈಬಿಡಬೇಕಾಗುತ್ತದೆ.

ಹಿರಿಯ ಕೆಂಪೇಗೌಡ

ಹಿರಿಯ ಕೆಂಪೇಗೌಡ ವಿಜಯನಗರದ ಅಚ್ಯುತರಾಯ ಮತ್ತು ಸದಾಶಿವರಾಯರ ಸಮಕಾಲೀನ. ಯಲಹಂಕದಿಂದ ದಕ್ಷಿಣಕ್ಕೆ ಸರಿದು ಹೊಸ ಪೇಟೆ ಮತ್ತು ಕೋಟೆ ಕಟ್ಟಲು ಅಚ್ಯುತರಾಯನ ಅನುಮತಿ ಪಡೆದ. ಬೆಂಗಳೂರು ಪೇಟೆಯ ಸ್ಥಾಪನೆಗೆ ಸಾಂಪ್ರದಾಯಿಕವಾಗಿ ಹೇಳುವ ವರ್ಷ 1537. ಬೆಂಗಳೂರು ಎಂಬ ಹೆಸರು ಅವನಿಂದ ಬಂದದ್ದಲ್ಲ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಒಂಬತ್ತನೆಯ ಶತಮಾನದ ಕೊನೆಯ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಹೆಬ್ಬಾಳದ ಆಚೆ ಕೊಡಿಗೇಹಳ್ಳಿಯ ಹತ್ತಿರ ಹಳೇ ಬೆಂಗಳೂರು ಎಂಬ ಊರೂ ಇತ್ತು.

ಪೇಟೆಯ ನಕ್ಷೆಯನ್ನು ನೇಗಿಲಿನಿಂದ ಗುರುತಿಸಿದರು ಎನ್ನುತ್ತದೆ ಸಂಪ್ರದಾಯ. ಈಗಿನ ಅವೆನ್ಯೂ ರಸ್ತೆ, ಅಂದರೆ ದೊಡ್ಡಪೇಟೆ, ಚಿಕ್ಕಪೇಟೆಯನ್ನು ಕೂಡುವ ಚೌಕದಲ್ಲಿ ನಾಲ್ಕು ಜೋಡಿ ಎತ್ತು ಕಟ್ಟಿ ನಾಲ್ಕು ದಿಕ್ಕಿಗೆ ಉಳುಮೆ ಮಾಡಿಸಲಾಯಿತು. ಸಾಲುಗಳು ಬೀದಿಗಳಾದವು, ಸಾಲು ಮುಗಿದ ಕಡೆ ಬಾಗಿಲುಗಳಾದವು. ಉತ್ತರಕ್ಕೆ ಯಲಹಂಕ ಬಾಗಿಲು, ಪೂರ್ವಕ್ಕೆ ಹಲಸೂರು ಬಾಗಿಲು, ದಕ್ಷಿಣಕ್ಕೆ ಆನೇಕಲ್ ಬಾಗಿಲು. ಪಶ್ಚಿಮದ ಕಡೆ ಕೆಂಗೇರಿ ಮತ್ತು ಸೊಂಡೆಕೊಪ್ಪದ ದಾರಿಗಳು. ಒಳಗಿನ ಕೇರಿಗಳನ್ನು ಕಸುಬಿನ ಪ್ರಕಾರ ಹಂಚಲಾಗಿತ್ತು. ಹತ್ತಿಗೆ ಅರಳೇಪೇಟೆ, ಅಕ್ಕಿಗೆ ಅಕ್ಕಿಪೇಟೆ, ದವಸಕ್ಕೆ ತರಗುಪೇಟೆ, ಮಡಕೆಗೆ ಕುಂಬಾರಪೇಟೆ, ಎಣ್ಣೆಗೆ ಗಾಣಿಗರಪೇಟೆ, ಹೂವು ತರಕಾರಿ ಬೆಳೆಯುವವರಿಗೆ ತಿಗಳರಪೇಟೆ. ಎಲ್ಲವೂ ಒಂದೇ ಪ್ರಭುವಿನ ಕಾಲದಲ್ಲಿ ಆದದ್ದೆಂದು ಹೇಳಲಾಗದಿದ್ದರೂ ಮೂಲ ವಿನ್ಯಾಸ ಹಾಳಾಗದೆ ಉಳಿದಿದೆ. ಸುತ್ತಲಿನ ಕೋಟೆ ಮಣ್ಣಿನದು. ಅದರ ದಕ್ಷಿಣದ ಬಾಗಿಲು ಹಗಲು ಕಟ್ಟಿದ್ದು ರಾತ್ರಿ ಬೀಳುತ್ತಿತ್ತು, ತುಂಬು ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮಮ್ಮ ಆತ್ಮಬಲಿ ಕೊಟ್ಟ ಮೇಲೆ ನಿಂತಿತು ಎಂಬ ಐತಿಹ್ಯವಿದೆ. ಅವಳ ಹೆಸರಿನ ಗುಡಿ ಕೋರಮಂಗಲದಲ್ಲಿದೆ.

ಅಚ್ಯುತರಾಯ ಹೊಸ ಪಟ್ಟಣದ ವೆಚ್ಚಕ್ಕೆಂದು ಹಲಸೂರು, ಬೇಗೂರು, ವರ್ತೂರು, ಜಿಗಣಿ, ತಲಘಟ್ಟಪುರ, ಕುಂಬಳಗೋಡು, ಕೆಂಗೇರಿ, ಬಾಣಾವರ ಇವುಗಳ ಉತ್ಪತ್ತಿಯನ್ನು ಬಿಟ್ಟುಕೊಟ್ಟ. ಒಟ್ಟು ಹುಟ್ಟುವಳಿ ವರ್ಷಕ್ಕೆ 30,000 ವರಹ. ಬೆಂಗಳೂರಿನ ಈಗಿನ ಪೂರ್ವ ಭಾಗ ಈ ವಂಶದ ಕೈಗೆ ಬಂದದ್ದು ಈ ಉಂಬಳಿಯ ಮೂಲಕ. ಹಲಸೂರು ಮತ್ತು ವರ್ತೂರುಗಳ ನಡುವಿನ ಹರವಿನಲ್ಲೇ ಇಂದಿನ ಇಂದಿರಾನಗರ, ಮಹದೇವಪುರ, ಗರುಡಾಚಾರ್‌ಪಾಳ್ಯಗಳಿವೆ. ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಇಳಿಯುವ ನೀರಿನ ಹಾದಿ ಇಲ್ಲಿಯದು. ಪೇಟೆಯ ದವಸದ ಅಂಗಡಿಗಳಿಗೆ ಬೇಕಾದ ಭತ್ತ, ರಾಗಿ ಬೆಳೆಯುವ ಅಚ್ಚುಕಟ್ಟು ಇಂಥ ಕೆರೆಗಳ ಕೆಳಗಿತ್ತು.

ಪ್ರಭುವಿನ ಏಳಿಗೆ ನೆರೆಯವರ ಅಸೂಯೆಗೆ ಕಾರಣವಾಯಿತು. ಸಾಮ್ರಾಟನ ಅಪ್ಪಣೆ ಇಲ್ಲದೆ ಭೈರವನ ಮುದ್ರೆಯ ವರಹ ಟಂಕಿಸಿದನೆಂಬ ದೂರಿನ ಮೇಲೆ ಅವನನ್ನು ಆನೆಗೊಂದಿಗೆ ಕರೆಸಿ ಸೆರೆಯಲ್ಲಿಡಲಾಯಿತು. ಅವನ ಸೀಮೆ ಚನ್ನಪಟ್ಟಣದ ಜಗದೇವರಾಯನಿಗೆ ಹೋಯಿತು. ಐದು ವರ್ಷಗಳ ನಂತರ ಭಾರಿ ದಂಡ ತೆತ್ತು ಬಿಡುಗಡೆ ಹೊಂದಿದ ಕೆಂಪೇಗೌಡ ತನ್ನ ಸೀಮೆಯನ್ನು ಮತ್ತೆ ಪಡೆದ. ನಾಣ್ಯ ಹೊಡೆಯುವುದು ಸಾರ್ವಭೌಮನೊಬ್ಬನ ಹಕ್ಕು. ಸಾಮಂತ ತೆರಿಗೆ ಎತ್ತಬಹುದು, ದಂಡು ಕಟ್ಟಬಹುದು, ಟಂಕಸಾಲೆ ಇಡುವಂತಿಲ್ಲ. ನಾಡಪ್ರಭುವಿನ ಅಧಿಕಾರದ ಎಲ್ಲೆ ಎಲ್ಲಿಗೆ ಮುಗಿಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಈ ವಂಶದ ಚರಿತ್ರೆಯಲ್ಲಿ ಇಲ್ಲ.

ಅವನು 1569ರಲ್ಲಿ ತೀರಿಕೊಂಡ. ಮಾಗಡಿ ತಾಲೂಕಿನ ಕೆಂಪಾಪುರದಲ್ಲಿ ಒಂದು ಸಮಾಧಿ ಮಂಟಪವನ್ನು 2015ರಲ್ಲಿ ಗುರುತಿಸಲಾಯಿತು. ಕಾಳಗ ಮುಗಿಸಿ ಬರುವಾಗ ಪ್ರಭು ಇಲ್ಲಿ ಐಕ್ಯನಾದ ಎಂಬ ಅರ್ಥದ ಬರಹ ಅದರ ಮೇಲಿದೆ. ಅದು ಹಿರಿಯ ಕೆಂಪೇಗೌಡನದೆಂದು ಬಹುಮಂದಿ ಒಪ್ಪಿದ್ದಾರೆ.

ಇಮ್ಮಡಿ ಕೆಂಪೇಗೌಡ

1569ರಿಂದ 1638ರವರೆಗಿನ ಅವಧಿಯಲ್ಲಿ ಪಟ್ಟಿಗಳು ಹೊಂದುವುದಿಲ್ಲ. ಕೆಲವು ಪಟ್ಟಿಗಳಲ್ಲಿ ಹಿರಿಯ ಕೆಂಪೇಗೌಡನ ಮಗ ಗಿಡ್ಡೇಗೌಡ ಮೊದಲು ಆಳಿ ಆಮೇಲೆ ಇಮ್ಮಡಿ ಕೆಂಪೇಗೌಡ ಬರುತ್ತಾನೆ. ಕೆಲವು ಇಡೀ ಅವಧಿಯನ್ನು ಇಮ್ಮಡಿ ಒಬ್ಬನಿಗೇ ಕೊಡುತ್ತವೆ. 1565ರ ರಕ್ಕಸ ತಂಗಡಿ ಕಾಳಗದಲ್ಲಿ ಸೋತ ನಂತರ ವಿಜಯನಗರದ ಅರಸರು ಪೆನುಗೊಂಡೆಗೆ ಹಿಂದೆಗೆದದ್ದರಿಂದ ಕಪ್ಪ ಕೇಳುವ ಕೈ ದುರ್ಬಲವಾಗಿತ್ತು. ಪ್ರಭುಗಳು ಪಶ್ಚಿಮಕ್ಕೆ ಮಾಗಡಿ, ಸಾವನದುರ್ಗಗಳತ್ತ ಹರಡಿದ್ದು ಈ ಸಡಿಲ ಕಾಲದಲ್ಲಿ.

ಬೆಂಗಳೂರಿನ ನಾಲ್ಕು ಗೋಪುರಗಳು ಇಮ್ಮಡಿಯ ಹೆಸರಿನವು. ಒಂದು ಲಾಲ್‌ಬಾಗಿನ ಬಂಡೆಯ ಮೇಲೆ, ಒಂದು ಕೆಂಪಾಂಬುಧಿ ಕೆರೆಯ ಹತ್ತಿರ, ಒಂದು ಮೇಖ್ರಿ ವೃತ್ತದ ಬಳಿ, ಒಂದು ಹಲಸೂರು ಕೆರೆಯ ಪಕ್ಕದ ಬಂಡೆಯ ಮೇಲೆ. ನಾಲ್ಕು ಕಲ್ಲುಗಂಬಗಳ ಮೇಲೆ ಪುಟ್ಟ ಗೋಪುರ ಹೊತ್ತ ಮಂಟಪಗಳಿವು. ನಾಲ್ಕಾರು ಮಂದಿ ನಿಲ್ಲುವುದಕ್ಕಿಂತ ಹೆಚ್ಚಿನ ಜಾಗ ಒಳಗಿಲ್ಲ. ಊರು ಈ ಗೋಪುರಗಳನ್ನು ಮೀರಿ ಬೆಳೆದರೆ ಕೇಡು ಎಂದು ಪ್ರಭು ನುಡಿದಿದ್ದನೆಂಬ ಮಾತು ಪ್ರಚಲಿತವಾಗಿದೆ. ಹಲಸೂರು ಗೋಪುರದಿಂದ ಗರುಡಾಚಾರ್‌ಪಾಳ್ಯದವರೆಗಿನ ಈಗಿನ ಮನೆಸಾಲುಗಳನ್ನು ನೋಡಿದವರಿಗೆ ಆ ನುಡಿ ಯಾವ ಕಾಲದ್ದು ಎಂಬ ಸಂದೇಹ ಬಂದರೆ ಆಶ್ಚರ್ಯವಿಲ್ಲ. ಎತ್ತರದ ಬಂಡೆಗಳ ಮೇಲಿರುವುದರಿಂದ ಕಾವಲಿಗೆ ಅನುಕೂಲವಾಗಿದ್ದವು ಎಂಬ ವಿವರಣೆ ಹೆಚ್ಚು ಸಮಂಜಸ.

ಬೆಂಗಳೂರಿನಿಂದ ಮಾಗಡಿಗೆ

1638ರಲ್ಲಿ ಬಿಜಾಪುರದ ಆದಿಲ್‌ಶಾಹಿ ಸೇನಾಪತಿ ರಣದುಲ್ಲಾ ಖಾನ್ ಶಹಾಜಿ ಭೋಂಸ್ಲೆಯೊಂದಿಗೆ ಬಂದು ಬೆಂಗಳೂರನ್ನು ಗೆದ್ದ. ಪಟ್ಟಣ ಶಹಾಜಿಯ ಜಹಗೀರಾಯಿತು. ಪ್ರಭುವಿಗೆ ಮಾಗಡಿ, ಸಾವನದುರ್ಗಗಳ ಸೀಮೆ ಉಳಿಯಿತು. ಸೋತವನನ್ನು ನಿರ್ಮೂಲ ಮಾಡದೆ ಕಪ್ಪ ಕೊಡುವ ಒಡೆಯನಾಗಿ ಹಿಂದಿನ ಸೀಮೆಯ ಒಂದು ಪಾಲಿನಲ್ಲಿ ಉಳಿಸುವುದು ಆ ದಂಡಯಾತ್ರೆಗಳಲ್ಲಿ ಕಾಣುವ ನೀತಿ. ಬೆಂಗಳೂರು ಮತ್ತೆ ಈ ವಂಶದ ಕೈಗೆ ಬರಲಿಲ್ಲ. ಶಹಾಜಿಯ ಮಗ ಏಕೋಜಿ ತಂಜಾವೂರಿಗೆ ಹೋದ ಮೇಲೆ ಅದನ್ನು ಮಾರಲು ಹೊರಟ. 1687ರಲ್ಲಿ ಮೊಗಲ್ ಸೇನಾಪತಿ ಖಾಸಿಂ ಖಾನ್ ಅದನ್ನು ಹಿಡಿದು, ಕೊನೆಗೆ ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟ.

ಮಾಗಡಿಯ ಕಾಲ ಬೆಟ್ಟಕೋಟೆಗಳ ಕಾಲ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗ, ಕರಿಗುಡ್ಡ ಮತ್ತು ಬಿಳಿಗುಡ್ಡ ಎಂಬ ಎರಡು ನೆತ್ತಿಗಳಿರುವ ಏಕಶಿಲೆಯ ಬೆಟ್ಟ. ಬುಡದಲ್ಲಿ ದಟ್ಟ ಕಾಡು, ಮೇಲೆ ಕಾಲಿಡಲು ಬಿರುಕೂ ಇಲ್ಲದ ನುಣುಪು ಬಂಡೆ. ಬುಡದಲ್ಲಿ ವೀರಭದ್ರ ಮತ್ತು ನರಸಿಂಹರ ಗುಡಿಗಳಿವೆ. ಈಗಿನ ಕುಣಿಗಲ್ ತಾಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗಗಳೂ ಈ ಮನೆತನದ ಕೋಟೆಗಳು. ಮಾಗಡಿ ಪಟ್ಟಣದ ಕೋಟೆ ಮತ್ತು ಸೋಮೇಶ್ವರ ದೇವಾಲಯ ಇವರ ರಾಜಧಾನಿಯ ಕುರುಹುಗಳು.

ಅಂತ್ಯ

ದೊಡ್ಡ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ಆಡಳಿತ ದಳವಾಯಿಗಳ ಹಿಡಿತಕ್ಕೆ ಸರಿದಿತ್ತು. 1728ರಲ್ಲಿ ದಳವಾಯಿ ದೇವರಾಜಯ್ಯ ಮಾಗಡಿಯನ್ನು ಮುತ್ತಿ ಗೆದ್ದ. ಸಾವನದುರ್ಗ ಮತ್ತು ಅಲ್ಲಿನ ಭಂಡಾರ ಮೈಸೂರಿನ ಪಾಲಾದವು. ಮುಮ್ಮಡಿ ಕೆಂಪವೀರಗೌಡನನ್ನು ಶ್ರೀರಂಗಪಟ್ಟಣಕ್ಕೆ ಒಯ್ದು ಸೆರೆಯಲ್ಲಿಟ್ಟರು, ಅಲ್ಲಿಯೇ ಅವನು ಸತ್ತ. ಪ್ರಭುತ್ವ ಇಲ್ಲಿಗೆ ಮುಗಿಯಿತು.

ಸಾವನದುರ್ಗದ ಮುಂದಿನ ಮುತ್ತಿಗೆ ಇಂಗ್ಲೆಂಡಿನ ಒಂದು ಕುಲೀನ ಮನೆತನದ ವಂಶಾವಳಿಯನ್ನು ಮುಟ್ಟುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಗವರ್ನರ್ ಜನರಲ್ ಚಾರ್ಲ್ಸ್ ಕಾರ್ನ್‌ವಾಲಿಸ್ ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಪೂರ್ವದಿಂದ ಬಂದು 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯನ್ನೂ 21ರಂದು ಕೋಟೆಯನ್ನೂ ಹಿಡಿದ. ಅದೇ ವರ್ಷದ ಡಿಸೆಂಬರ್ 21ರಂದು ಸಾವನದುರ್ಗ ಬಿದ್ದಿತು. ಸಫೋಕ್ ಸೀಮೆಯ ಕಾರ್ನ್‌ವಾಲಿಸ್ ಮನೆತನಕ್ಕೆ 1627ರಲ್ಲಿ ಬ್ಯಾರನೆಟ್, 1661ರಲ್ಲಿ ಬ್ಯಾರನ್, 1753ರಲ್ಲಿ ಅರ್ಲ್ ಪದವಿಗಳು ಬಂದಿದ್ದವು; ಮೈಸೂರಿನ ಗೆಲುವಿಗಾಗಿ 1792ರಲ್ಲಿ ಮಾರ್ಕ್ವೆಸ್ ಪದವಿ ಸೇರಿತು. ಗಂಡುಸಂತಾನವಿಲ್ಲದೆ ಮಾರ್ಕ್ವೆಸ್ ಪದವಿ 1823ರಲ್ಲಿ, ಅರ್ಲ್ ಪದವಿ 1852ರಲ್ಲಿ ಅಳಿದವು. ಅಲ್ಲಿ ಒಂದೊಂದು ಪದವಿಗೂ ರಾಜಮುದ್ರೆಯ ಪತ್ರವಿದೆ, ಹಿರಿಯ ಮಗನಿಗೇ ಹಕ್ಕೆಂಬ ಬರೆದ ನಿಯಮವಿದೆ. ಆದುದರಿಂದ ಪದವಿ ಹುಟ್ಟಿದ ದಿನವೂ ಅಳಿದ ದಿನವೂ ಗೊತ್ತು. ನಾಡಪ್ರಭುತ್ವ ಹಾಗಲ್ಲ. ಸೀಮೆಯನ್ನು ಹಿಡಿದಿರುವವರೆಗೆ ಮಾತ್ರ ಪದವಿ. ಸೀಮೆ ಹೋದ ಮೇಲೆ ಉಳಿಯುವುದು ಕುಲ ಮತ್ತು ಹೆಸರು.

ಸಂಬಂಧಿ ಮನೆತನಗಳು

ಆವತಿಯ ಮೂಲದಿಂದ ಕವಲೊಡೆದವೆಂದು ಹೇಳಿಕೊಳ್ಳುವ ಮನೆತನಗಳಲ್ಲಿ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಸುಗಟೂರು ಮುಖ್ಯವಾದವು. ದೇವನಹಳ್ಳಿಯ ಕೋಟೆಗೆ ಮಲ್ಲಭೈರೇಗೌಡ 1501ರಲ್ಲಿ ಅಡಿಪಾಯ ಹಾಕಿದನೆಂದು ಹೇಳಲಾಗಿದೆ. 1749ರ ಮೈಸೂರು ಮುತ್ತಿಗೆಯಲ್ಲಿ ಅದು ಬಿದ್ದಿತು. ಹೈದರ್ ಅಲಿ ಯೋಧನಾಗಿ ಮೊದಲು ಹೆಸರು ಮಾಡಿದ್ದು ಈ ಮುತ್ತಿಗೆಯಲ್ಲಿ. ದೊಡ್ಡಬಳ್ಳಾಪುರ ಬಿಜಾಪುರದವರ ವಶವಾಯಿತು. ಚಿಕ್ಕಬಳ್ಳಾಪುರ ಹೈದರನ ಕಾಲದವರೆಗೆ ಉಳಿಯಿತು.

ಬೆಂಗಳೂರಿನ ಪೂರ್ವಕ್ಕೆ ಸುಗಟೂರು ತಮ್ಮೇಗೌಡರ ಮನೆತನ ಪ್ರಮುಖವಾಗಿತ್ತು. ವಿಜಯನಗರಕ್ಕೆ ಸಲ್ಲಿಸಿದ ಸೇವೆಗಾಗಿ ತಮ್ಮೇಗೌಡನಿಗೆ ‘ಚಿಕ್ಕರಾಯ’ ಎಂಬ ಬಿರುದು ದೊರೆತಿತ್ತು. 16ನೆಯ ಶತಮಾನದ ಕೊನೆಗೆ ಈ ಮನೆತನ ಕಟ್ಟಿಸಿದ ಕೋಟೆಯೇ ಹೊಸಕೋಟೆ. ಅಲ್ಲಿನ ದೊಡ್ಡ ಕೆರೆಯೂ ಅವರದೇ. ಬಿಜಾಪುರದ ದಂಡಯಾತ್ರೆಯಲ್ಲಿ ಹೊಸಕೋಟೆ, ಕೋಲಾರಗಳನ್ನು ಕಳೆದುಕೊಂಡ ಈ ಶಾಖೆ ಈಗಿನ ಆಂಧ್ರಪ್ರದೇಶದ ಪುಂಗನೂರಿಗೆ ಸರಿದು ಅಲ್ಲಿ ಜಮೀನ್ದಾರಿಯಾಗಿ ಮುಂದುವರಿಯಿತು.

ಆಡಳಿತ ಮತ್ತು ನೀರಾವರಿ

ನಾಡಪ್ರಭು ಮೇಲಿನ ಅರಸನಿಗೆ ವರ್ಷಕ್ಕಿಷ್ಟು ಕಪ್ಪ ಒಪ್ಪಿಸಬೇಕು, ಕರೆ ಬಂದಾಗ ದಂಡು ಕಳುಹಿಸಬೇಕು. ಅವನ ಕೆಳಗೆ ಊರಿನ ಮಟ್ಟದಲ್ಲಿ ಗೌಡ ಕಂದಾಯ ಎತ್ತುತ್ತಿದ್ದ, ಶಾನುಭೋಗ ಲೆಕ್ಕ ಬರೆಯುತ್ತಿದ್ದ, ತಳವಾರ ಮತ್ತು ತೋಟಿ ಕಾವಲು ಹಾಗೂ ಓಡಾಟದ ಕೆಲಸ ನೋಡುತ್ತಿದ್ದರು. ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ನೀರುಗಂಟಿ.

ಬೆಂಗಳೂರಿಗೆ ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ದಿಣ್ಣೆಯ ಮೇಲಿನ ಊರಿನಿಂದ ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಿಗೆ ಇಳಿಯುತ್ತದೆ. ಕಣಿವೆಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಮೇಲಿನ ಕೆರೆಯ ಕೋಡಿ ಹರಿದ ನೀರು ಕೆಳಗಿನ ಕೆರೆಗೆ ಬೀಳುವಂತೆ ಸರಪಳಿ ಮಾಡುವುದೇ ಇಲ್ಲಿನ ನೀರಾವರಿಯ ಕ್ರಮ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಸಿದ್ಧಿಕಟ್ಟೆ, ಕಾರಂಜಿ, ಹಲಸೂರು ಕೆರೆಗಳನ್ನು ಈ ಪ್ರಭುಗಳ ಹೆಸರಿಗೆ ಹೇಳುತ್ತಾರೆ. ಯಾವುದು ಯಾರ ಕಾಲದ್ದು ಎಂದು ಪ್ರತಿಯೊಂದಕ್ಕೂ ಶಾಸನಾಧಾರ ಸಿಗುವುದಿಲ್ಲ. ಕೆಲವು ಹಳೆಯ ಕೆರೆಗಳ ಜೀರ್ಣೋದ್ಧಾರವೂ ಆಗಿರಬಹುದು.

ಧರ್ಮ, ಸಮಾಜ, ಸಾಹಿತ್ಯ

ಕುಲದೈವ ಕಾಲಭೈರವ, ಭೈರೇಗೌಡ ಎಂಬ ಹೆಸರು ಪೀಳಿಗೆಯಿಂದ ಪೀಳಿಗೆಗೆ ಬಂದದ್ದೂ ಅದರಿಂದಲೇ. ಕೋಲಾರದ ಹತ್ತಿರದ ಸೀತಿಬೆಟ್ಟದ ಭೈರವ ಮೊರಸು ಒಕ್ಕಲಿಗರ ಪ್ರಧಾನ ಕ್ಷೇತ್ರ. ಈ ಕುಲದ ಒಂದು ಪಂಗಡದಲ್ಲಿ ಹೆಣ್ಣುಮಕ್ಕಳ ಎರಡು ಬೆರಳುಗಳ ತುದಿಯನ್ನು ಬಂಡಿ ದೇವರ ಪೂಜೆಯಲ್ಲಿ ಕತ್ತರಿಸುವ ಪದ್ಧತಿಯಿತ್ತು. ಹಿರಿಯ ಕೆಂಪೇಗೌಡ ಅದನ್ನು ನಿಷೇಧಿಸಿದನೆಂದು ಹೇಳಲಾಗುತ್ತದೆ. ಆದರೆ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಪದ್ಧತಿಯನ್ನು ದಾಖಲಿಸಿರುವುದರಿಂದ, ನಿಷೇಧ ಆಗಿದ್ದರೂ ಅದು ಎಲ್ಲೆಡೆ ನಾಟಿರಲಿಲ್ಲ.

ದೇವಾಲಯಗಳಲ್ಲಿ ಪ್ರಭುಗಳ ಒಲವು ಶಿವನ ಕಡೆಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ, ಗವಿ ಗಂಗಾಧರೇಶ್ವರದ ವಿಸ್ತರಣೆ, ಹಲಸೂರಿನ ಸೋಮೇಶ್ವರ ಇವುಗಳನ್ನು ಅವರೊಂದಿಗೆ ಜೋಡಿಸಲಾಗಿದೆ. ಹಲಸೂರಿನದರಲ್ಲಿ ಹಳೆಯ ಗರ್ಭಗುಡಿಗೆ ವಿಜಯನಗರ ಶೈಲಿಯ ಗೋಪುರ ಮತ್ತು 48 ಕಂಬಗಳ ಮಂಟಪ ಸೇರಿವೆ. ರಾವಣ ಕೈಲಾಸ ಎತ್ತುವ ದೃಶ್ಯ, ಗಿರಿಜಾ ಕಲ್ಯಾಣ, ಸಪ್ತರ್ಷಿಗಳು, ಮಹಿಷಮರ್ದಿನಿ ಗೋಡೆಗಳ ಮೇಲೆ ಸಾಲಾಗಿ ಬರುತ್ತಾರೆ. ತಮಿಳು ಶೈವಪರಂಪರೆಯ ನಾಯನಾರರ ಮೂರ್ತಿಗಳೂ ಇವೆ. ಬೇಟೆಯಿಂದ ದಣಿದು ಮರದ ಕೆಳಗೆ ಮಲಗಿದ್ದ ಪ್ರಭುವಿನ ಕನಸಿನಲ್ಲಿ ಸೋಮೇಶ್ವರ ಬಂದು ಹೂತಿಟ್ಟ ನಿಧಿ ತೋರಿಸಿದ, ಆ ಹಣದಿಂದ ಗುಡಿ ಎದ್ದಿತು ಎಂಬುದು ಸ್ಥಳಪುರಾಣ. ಶಿವಗಂಗೆಯಲ್ಲಿ ಕೆಂಪೇಗೌಡನ ಹಜಾರ ಎಂಬ ಮಂಟಪವಿದೆ. ಅಲ್ಲಿನ ಗಂಗಾಧರೇಶ್ವರ ದೇವಾಲಯದಲ್ಲಿ ಹಿರಿಯ ಕೆಂಪೇಗೌಡ ತೀರಿಕೊಂಡ ನಲವತ್ತು ವರ್ಷಗಳ ನಂತರ, 1609ರಲ್ಲಿ, ಸ್ಥಾಪಿಸಿದ ಅವನ ಲೋಹದ ಮೂರ್ತಿಯಿದೆ. ದೇವರೆದುರು ನಿಂತ ಭಕ್ತನ ಪ್ರತಿಮೆ ಅದು. ಈಗಿನ ಬೀದಿಗಳಲ್ಲಿ ಕಾಣುವ ಕತ್ತಿ ಹಿಡಿದ ವೀರನಿಗೂ ಅದಕ್ಕೂ ಬಹಳ ದೂರ.

‘ಗಂಗಾಗೌರೀವಿಲಾಸ’ ಎಂಬ ತೆಲುಗು ಯಕ್ಷಗಾನ ಕೃತಿ ಕೆಂಪೇಗೌಡನ ಹೆಸರಿನಲ್ಲಿದೆ. ಕನ್ನಡ ನೆಲದ ಒಡೆಯನೊಬ್ಬ ತೆಲುಗಿನಲ್ಲಿ ಬರೆದದ್ದು ಆ ಕಾಲದ ಆಸ್ಥಾನಗಳ ಮಟ್ಟಿಗೆ ಅಸಹಜವಲ್ಲ.

ಇಂದಿನ ಸ್ಥಿತಿ

ವಂಶದ ಕಟ್ಟಡಗಳಲ್ಲಿ ಕೋಟೆಗಳಿಗಿಂತ ಗುಡಿಗಳು ಚೆನ್ನಾಗಿ ಉಳಿದಿವೆ, ಕೆರೆಗಳು ಎಲ್ಲಕ್ಕಿಂತ ಹೆಚ್ಚು ಹಾಳಾಗಿವೆ. ಬೆಂಗಳೂರಿನ ಮಣ್ಣಿನ ಕೋಟೆಯ ಜಾಗದಲ್ಲಿ 1761ರಲ್ಲಿ ಹೈದರ್ ಕಲ್ಲಿನ ಕೋಟೆ ಕಟ್ಟಿಸಿದ. ಅದರದ್ದೂ ಒಂದು ತುಣುಕು ಮಾತ್ರ ಈಗ ಇದೆ. ಪೇಟೆಯ ಬಾಗಿಲುಗಳು ಇಲ್ಲ. ಹಲಸೂರು ಗೇಟ್ ಎಂಬ ಹೆಸರು ಮಾತ್ರ ಪೊಲೀಸ್ ಠಾಣೆಗೆ ಅಂಟಿಕೊಂಡು ಉಳಿದಿದೆ. ಧರ್ಮಾಂಬುಧಿಯ ಅಂಗಳ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಿದ್ಧಿಕಟ್ಟೆ ಕೃಷ್ಣರಾಜ ಮಾರುಕಟ್ಟೆಯಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಹಲಸೂರು ಮತ್ತು ಕೆಂಪಾಂಬುಧಿ ಕೆರೆಗಳಲ್ಲಿ ನೀರಿದೆ.

ಸ್ಮರಣೆ ಬಹುಪಾಲು ಹಿರಿಯ ಕೆಂಪೇಗೌಡನೊಬ್ಬನ ಸುತ್ತ ಬೆಳೆದಿದೆ. ನಗರಪಾಲಿಕೆ ಕಚೇರಿಯ ಮುಂದೆ 1964ರಲ್ಲಿ ಅವನ ಪ್ರತಿಮೆ ನಿಂತಿತು. 1980ರಲ್ಲಿ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಯಿತು. ಆವತಿ, ಯಲಹಂಕಗಳ ನಡುವಿನ ಸೀಮೆಯಲ್ಲಿ 2008ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ 2013ರ ಡಿಸೆಂಬರ್‌ನಲ್ಲಿ ಅವನ ಹೆಸರಿಡಲಾಯಿತು. ಅಲ್ಲಿ ಶಿಲ್ಪಿ ರಾಮ್ ವಿ. ಸುತಾರ್ ರೂಪಿಸಿದ 108 ಅಡಿ ಎತ್ತರದ ಕಂಚಿನ ಪ್ರತಿಮೆ 2022ರ ನವೆಂಬರ್ 11ರಂದು ಅನಾವರಣಗೊಂಡಿತು. 2017ರಿಂದ ಜೂನ್ 27ರಂದು ಸರ್ಕಾರಿ ಜಯಂತಿ ನಡೆಯುತ್ತಿದೆ. ಮೆಟ್ರೋದ ನೇರಳೆ ಮಾರ್ಗದ ಮೆಜೆಸ್ಟಿಕ್ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡ ನಿಲ್ದಾಣವೆಂದೇ ಹೆಸರು. ಅದೇ ಮಾರ್ಗ ಹಲಸೂರನ್ನು ದಾಟಿ, ಗರುಡಾಚಾರ್‌ಪಾಳ್ಯದ ಮೂಲಕ ವೈಟ್‌ಫೀಲ್ಡಿಗೆ ಹೋಗುತ್ತದೆ. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗಿನ ಭಾಗ 2023ರ ಮಾರ್ಚ್ 25ರಂದು ತೆರೆಯಿತು.

ಜಯಗೌಡ, ಕೆಂಪನಂಜೇಗೌಡ, ಮುಮ್ಮಡಿ ಕೆಂಪವೀರಗೌಡರಿಗೆ ಇಂಥ ಗುರುತುಗಳಿಲ್ಲ. ಮನೆತನದ ಸ್ಥಳಗಳ ಅಭಿವೃದ್ಧಿಗೆ ರಾಜ್ಯ ಸರ್ಕಾರ ಪ್ರಾಧಿಕಾರ ರಚಿಸಿದೆ. ಮಾಗಡಿಯ ಕೋಟೆ, ಕೆಂಪಾಪುರದ ಸಮಾಧಿ, ಶಿವಗಂಗೆ, ಸಾವನದುರ್ಗ ಅದರ ಆಸಕ್ತಿಯ ತಾಣಗಳು. ನಾಲ್ಕು ಗೋಪುರಗಳಲ್ಲಿ ಲಾಲ್‌ಬಾಗಿನದನ್ನು ಜನ ಹೆಚ್ಚಾಗಿ ನೋಡುತ್ತಾರೆ. ಹಲಸೂರಿನದು ಮದ್ರಾಸ್ ಸ್ಯಾಪರ್ಸ್ ಸೇನಾ ಕೇಂದ್ರದ ಆವರಣದೊಳಗಿದೆ.